ಮಾವನ ‘ಆಯ್ತು’

ಆ ವಿಮಾನ ನಿಲ್ದಾಣದಲ್ಲಿ ಅಡ್ಡದಾರಿ ಹಿಡಿಯದವರು ಒಬ್ಬರೂ ಇರಲಿಲ್ಲ. ಹೀಗೆಂದ ಕೂಡಲೇ ಅವರ ನಡತೆಯ ಬಗ್ಗೆ ಹುಬ್ಬೇರಿಸಬೇಕಾಗಿಲ್ಲ. ಅಡ್ಡದಾರಿ ಎಂಬುದು ನಿಜಕ್ಕೂ ಒಂದು ದಾರಿಯೇ. ಪುಟ್ಟ ವಿಮಾನಗಳ ಶೆಡ್ಡುಗಳಿಂದ ಹೊರಟು, ಹುಲ್ಲುಗಾವಲನ್ನು ಓರೆಯಾಗಿ ಸೀಳಿಕೊಂಡು, ನೇರವಾಗಿ ರನ್‌ವೇಯ ನಟ್ಟನಡುವಿಗೆ ಹೋಗಿ ಬೀಳುತ್ತಿತ್ತು. ನಕ್ಷೆಯಲ್ಲಿದ್ದ ಸಾಚಾ ದಾರಿ ಬೇರೆ. ಅದು ಬೇಲಿಯ ಪಕ್ಕದಲ್ಲಿ ಬಳಸಿಕೊಂಡು ರನ್‌ವೇಯ ತುದಿಯವರೆಗೂ ಹೋಗುತ್ತಿತ್ತು. “ಅಷ್ಟು ದೂರ ನೆಲದ ಮೇಲೆ ತೆವಳೋಕೆ ನಾವೇನು ಬಸ್ಸು ಓಡಿಸ್ತಿದೀವಾ?” ಎಂದು ಕೇಳಿ, ಮೊದಲ ಸಲ ಹುಲ್ಲಿನ ಮೇಲೆ ಚಕ್ರ ಇಳಿಸಿದವನು ಮಾವ.

ಮಾವ ಎಂದರೆ ಟವರಕ್ಕನ ಸೋದರಮಾವ. ಟವರಕ್ಕ ಎಂದರೆ ನಿಲ್ದಾಣದ ಟವರಿನಲ್ಲಿ ಕೂತು, ಯಾರು ಇಳಿಯಬೇಕು, ಯಾರು ಏರಬೇಕು, ಯಾರು ಸುಮ್ಮನೆ ನಿಂತಿರಬೇಕು ಎಂದು ರೇಡಿಯೊದಲ್ಲಿ ಹೇಳುವವಳು. ಅವಳು ಮಾವ ಎಂದು ಕರೆದದ್ದೇ ಎಲ್ಲರ ಬಾಯಿಗೂ ಅಂಟಿಕೊಂಡು, ಮೆಕ್ಯಾನಿಕ್ಕಿನಿಂದ ಹಿಡಿದು ಹಾರಲು ಕಲಿಯಲು ಬಂದ ಹುಡುಗಿಯರವರೆಗೆ ಅವನು ಸಮಸ್ತರ ಮಾವನಾಗಿದ್ದ. ಯಾರಿಗೂ ಹೆಣ್ಣು ಕೊಟ್ಟವನಲ್ಲ, ಆದರೂ ಊರಿಗೆಲ್ಲ ಮಾವ ಎಂದು ಮೆಕ್ಯಾನಿಕ್ ನಗುತ್ತಿದ್ದ.

ಅಡ್ಡದಾರಿಯ ಹುಟ್ಟನ್ನು ಟವರಕ್ಕ ಕಣ್ಣಾರೆ ಕಂಡಿದ್ದಳು. ಆಗ ಅವಳಿನ್ನೂ ಲಂಗದ ವಯಸ್ಸಿನವಳು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸಂಜೆಯ ಪಾಳಿ ಮಾಡುತ್ತಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಮಾವ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಿಲ್ದಾಣಕ್ಕೆ ತರುತ್ತಿದ್ದ. ಶೆಡ್ಡಿನ ನೆರಳಲ್ಲಿ ಬೋರಲು ಹಾಕಿದ ಡಬ್ಬವೇ ಅವಳ ಕುರ್ಚಿ. ಒಂದು ಮಳೆಗಾಲ ಬಳಸುದಾರಿ ಪೂರಾ ನೀರಲ್ಲಿ ಮುಳುಗಿತ್ತು. ಮಾವ ನೀರನ್ನು ನೋಡಿದ, ಹುಲ್ಲನ್ನು ನೋಡಿದ, ಹುಲ್ಲಿಗೆ ತಿರುಗಿಸಿದ. ಮರುದಿನ ಅವನ ಹಿಂದೆ ಇನ್ನೊಂದು ವಿಮಾನ ಹೋಯಿತು. ಮಳೆ ಮುಗಿಯುವಷ್ಟರಲ್ಲಿ ಹುಲ್ಲು ಸೋಲೊಪ್ಪಿಕೊಂಡಿತ್ತು. ಆಮೇಲೊಂದು ಬೇಸಿಗೆಯಲ್ಲಿ ರನ್‌ವೇ ದುರಸ್ತಿಗೆ ಬಂದ ಕೆಲಸಗಾರರು, ಉಳಿದ ಡಾಂಬರನ್ನು ವಾಪಸ್ ಹೊತ್ತುಕೊಂಡು ಹೋಗುವ ಬದಲು ಅದರ ಮೇಲೆ ಸುರಿದು ಹೋದರು. ಕಳ್ಳದಾರಿ ಹೀಗೆ ಮರ್ಯಾದಸ್ಥ ದಾರಿಯಾಯಿತು.

ಆ ದಿನಗಳನ್ನು ನೆನೆದರೆ ಟವರಕ್ಕನಿಗೆ ಈಗಲೂ ಮೂಗಿನಲ್ಲಿ ಪೆಟ್ರೋಲು ಮತ್ತು ಕತ್ತರಿಸಿದ ಹುಲ್ಲಿನ ವಾಸನೆ ಏಳುತ್ತದೆ. ಗಾಳಿಯ ದಿಕ್ಕು ತೋರಿಸುವ ಚೀಲವನ್ನು ಮಾವನ ಹೆಂಡತಿ ಅತ್ತೆಯೇ ಮನೆಯ ಹಳೇ ಪರದೆಯಿಂದ ಹೊಲಿದುಕೊಟ್ಟಿದ್ದಳು; ಕಂಬದ ಮೇಲೆ ನೀಲಿ ಹೂವುಗಳು ಗಾಳಿಗೆ ಉಬ್ಬುತ್ತಿದ್ದವು. ರನ್‌ವೇ ಮೇಲೆ ನಾಯಿ ಬಂದರೆ ಮೆಕ್ಯಾನಿಕ್ ಸೈಕಲ್ ಏರಿ ಅಟ್ಟಿಸಿಕೊಂಡು ಹೋಗುತ್ತಿದ್ದ, ನಾಯಿಗೂ ಅದು ಆಟವೇ. ಕೊನೆಯ ವಿಮಾನ ಇಳಿದ ಮೇಲೆ ಎಲ್ಲರೂ ರನ್‌ವೇಯ ಬೆಚ್ಚನೆಯ ಡಾಂಬರಿನ ಮೇಲೆ ಅಂಗಾತ ಮಲಗಿ ಹರಟುತ್ತಿದ್ದರು. ಮಾವ ಮಾತ್ರ ಮಾತಿನ ನಡುವೆ ಥಟ್ಟನೆ ಬೆರಳೆತ್ತಿ, “ತಡೀರಿ, ಯಾರೋ ಬರ್ತಿದಾರೆ” ಅನ್ನುತ್ತಿದ್ದ. ಆಕಾಶದಲ್ಲಿ ಒಂದು ಕಾಗೆಯೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಚುಕ್ಕೆಯೊಂದು ಮೂಡಿ, ಅದಕ್ಕೆ ರೆಕ್ಕೆ ಬಂದು, ಟಪಾಲಿನ ವಿಮಾನವಾಗುತ್ತಿತ್ತು. ಸದ್ದು ಕೇಳಿಯೇ ಇದು ಯಾರ ಎಂಜಿನ್ನು, ಅದಕ್ಕೇನು ಕಾಯಿಲೆ ಎಂದು ಹೇಳುತ್ತಿದ್ದ. ಕಿವಿ ಎಂದರೆ ಮಾವನ ಕಿವಿ ಎಂದು ಅವಳು ನಂಬಿದ್ದು ಆಗಲೇ.

ರೇಡಿಯೊ ಹಿಡಿದು ಮಾತಾಡುವುದನ್ನು ಅವಳಿಗೆ ಕಲಿಸಿದವನೂ ಅವನೇ. “ಮಾತು ಬೆಳ್ಳಿ ಮೌನ ಬಂಗಾರ ಅಂದವ್ರು ಯಾರೂ ವಿಮಾನ ಇಳಿಸಿದವ್ರಲ್ಲ ಪುಟ್ಟೀ. ಇಲ್ಲಿ ಬಾಯಿ ಮುಚ್ಕೊಂಡ್ರೆ ಜೀವ ಹೋಗುತ್ತೆ” ಎಂದು ಹೇಳಿಕೊಟ್ಟಿದ್ದ. ಅವಳು ಓದಿ, ಪರೀಕ್ಷೆ ಕಟ್ಟಿ, ಟವರಿನ ಕುರ್ಚಿಯಲ್ಲಿ ಕೂತ ದಿನ, ಮೊದಲು ಅವಳಿಂದ ಅಪ್ಪಣೆ ಪಡೆದು ಹಾರಿದವನು ಅವನು. ದೊಡ್ಡ ವಿಮಾನಗಳ ಜೊತೆ ಪುಸ್ತಕದ ಭಾಷೆ, ಮನೆಯ ವಿಮಾನಗಳ ಜೊತೆ ಮನೆಮಾತು, ಹೀಗೆ ನಡೆದುಕೊಂಡು ಬಂದಿತ್ತು. ಅವಳು ಏನು ಹೇಳಿದರೂ ಮಾವನದು ಒಂದೇ ಉತ್ತರ: “ಆಯ್ತು.” ತೂಕದ ಧ್ವನಿ, ಒಂದೇ ಮಾತು. ಅದನ್ನು ಕೇಳಿದರೆ ಅವಳಿಗೆ ಎದೆ ಹಗುರಾಗುತ್ತಿತ್ತು. ಕಲಿಯುವ ಹುಡುಗಿಯರೂ ಅದನ್ನೇ ಕಲಿತರು. ಇಡೀ ನಿಲ್ದಾಣ ಆಯ್ತು ಆಯ್ತು ಎಂದುಕೊಂಡೇ ವರ್ಷಗಟ್ಟಲೆ ಹಾರಿತು, ಇಳಿಯಿತು.

ಆದರೆ ಈ ‘ಆಯ್ತು’ ಇದೆಯಲ್ಲ, ಅದರಷ್ಟು ಮೋಸದ ಮಾತು ನಮ್ಮ ಭಾಷೆಯಲ್ಲಿ ಇನ್ನೊಂದಿಲ್ಲ. ‘ಬಂದೆ’ ಎಂದು ಕೂಗಿದವನು ಇನ್ನೂ ಮನೆಯೊಳಗೆ ಚಪ್ಪಲಿ ಹುಡುಕುತ್ತಿರುತ್ತಾನೆ, ಅದು ಎಲ್ಲರಿಗೂ ಗೊತ್ತು. ‘ಆಯ್ತು’ ಅಂದವನು ಮಾಡಿ ಮುಗಿಸಿದನೋ, ಮಾಡುತ್ತೇನೆ ಅಂದನೋ, ಸದ್ಯ ನಿನ್ನ ಬಾಯಿ ಮುಚ್ಚಿದರೆ ಸಾಕು ಅಂದನೋ, ದೇವರಿಗೇ ಗೊತ್ತು.

ಕಳೆದ ಬೇಸಿಗೆಯ ಒಂದು ಸಂಜೆ ಮಾವ ಇಳಿದು, ರನ್‌ವೇ ಮೇಲೆ ಉರುಳುತ್ತಾ ಅಡ್ಡದಾರಿಯ ಬಾಯಿಗೆ ಬಂದಿದ್ದ. ಅವನ ಹಿಂದೆಯೇ ಗುಬ್ಬಿ ಇಳಿಯಲು ಬರುತ್ತಿದ್ದಳು. ಗುಬ್ಬಿ ಎಂದರೆ ಹೊಸದಾಗಿ ಕಲಿಯುತ್ತಿದ್ದ ಸಣಕಲು ಹುಡುಗಿ. ಒಬ್ಬಳೇ ಹಾರಲು ಶುರುಮಾಡಿ ಇನ್ನೂ ವಾರವಾಗಿರಲಿಲ್ಲ. ಟವರಕ್ಕ ರೇಡಿಯೊದಲ್ಲಿ ಹೇಳಿದಳು: “ಮಾವ, ಬೇಗ ರನ್‌ವೇ ಬಿಟ್ಟು ಅಡ್ಡದಾರಿಗೆ ಇಳೀರಿ. ಹಿಂದೆ ಗುಬ್ಬಿ ಇದಾಳೆ.”

“ಆಯ್ತು” ಎಂದ ಮಾವ.

ಅವಳು ಕಿಟಕಿಯತ್ತ ನೋಡಿದಳು. ಇಳಿಬಿಸಿಲು ಗಾಜಿಗೆ ನೇರ ಹೊಡೆಯುತ್ತಿತ್ತು. ಅಡ್ಡದಾರಿಯ ಬಾಯಿ ಹೇಗೂ ಪೆಟ್ರೋಲ್ ಶೆಡ್ಡಿನ ಮರೆಗೆ ಬೀಳುತ್ತಿತ್ತು. ವಿಮಾನ ಕಾಣಲಿಲ್ಲ. ಆಯ್ತು ಅಂದರಲ್ಲ, ಬಿಟ್ಟಾಗಿದೆ ಎಂದುಕೊಂಡು ಗುಬ್ಬಿಗೆ ಇಳಿಯಲು ಹೇಳಿದಳು. ನೆಲ ಇನ್ನೇನು ಚಕ್ರಕ್ಕೆ ಸಿಗಬೇಕು ಅನ್ನುವಾಗ ಗುಬ್ಬಿಗೆ ಎದುರಲ್ಲಿ ಮಾವನ ವಿಮಾನದ ಬಾಲ ಕಂಡಿತು. ಚೀರುತ್ತಲೇ ವಿಮಾನದ ಮೂತಿ ಎತ್ತಿದಳು. ಅವಳ ಚಕ್ರಗಳು ಮಾವನ ತಲೆಯ ಮೇಲಿಂದ ಹಾದುಹೋದದ್ದನ್ನು ನೋಡಿದ ಮೆಕ್ಯಾನಿಕ್, ಕೈಯಲ್ಲಿದ್ದ ಸ್ಪ್ಯಾನರನ್ನು ಅಲ್ಲೇ ಬಿಟ್ಟು ರನ್‌ವೇ ಕಡೆ ಓಡಿದ. ಟವರಕ್ಕನ ಜೀವ ಬಾಯಿಗೆ ಬಂತು. ಗುಬ್ಬಿ ಒಂದು ಸುತ್ತು ಹಾಕಿ ಬಂದು ಇಳಿಯುವವರೆಗೂ ಅದು ವಾಪಸ್ ಎದೆಗೆ ಇಳಿಯಲಿಲ್ಲ.

ಅದರ ಹಿಂದೆಯೇ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಪುಟ್ಟ ವಿಮಾನಗಳಿಗೆ ರನ್‌ವೇ ಹೇಗೆ ಸುರಕ್ಷಿತವಾದೀತು ಎಂದು ನೋಡುವುದೇ ಅವರ ಕೆಲಸ. ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಕಂಡಲ್ಲಿ ಗೆರೆ ಎಳೆಯುತ್ತಿದ್ದುದರಿಂದ ಸಂಜೆಯೊಳಗೆ ಅವರಿಗೆ ‘ಗೆರೆ ಸಾಹೇಬರು’ ಎಂದು ನಾಮಕರಣವಾಗಿತ್ತು. ಮನುಷ್ಯ ಒಳ್ಳೆಯವರು, ಯಾರ ಮೇಲೂ ರೇಗಲಿಲ್ಲ. ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿಕೊಂಡು ಕೇಳಿದರು:

“ಆಯ್ತು ಅಂದಿದ್ದು ಯಾವ ಅರ್ಥದಲ್ಲಿ?”

“ಬಿಡ್ತೀನಿ ಅನ್ನೋ ಅರ್ಥದಲ್ಲಿ” ಎಂದ ಮಾವ.

“ನಾನು ಬಿಟ್ಟಾಯ್ತು ಅಂತ ತಿಳ್ಕೊಂಡೆ” ಎಂದಳು ಟವರಕ್ಕ.

“ಹಾಗಾದ್ರೆ ಅದು ಭವಿಷ್ಯತ್ಕಾಲಾನೋ, ಭೂತಕಾಲಾನೋ?”

“ಆಪತ್ಕಾಲ, ಸಾರ್” ಎಂದ ಮೆಕ್ಯಾನಿಕ್.

ಎಲ್ಲರೂ ನಕ್ಕರು, ಗುಬ್ಬಿಯೊಬ್ಬಳನ್ನು ಬಿಟ್ಟು. ಸಾಹೇಬರು ಏನೇನು ಆಗಬೇಕು ಎಂದು ಹೇಳಿದರು. ಪೆಟ್ರೋಲ್ ಶೆಡ್ಡು ಅಲ್ಲಿಂದ ಏಳಬೇಕು. ಬಳಸುದಾರಿ ರನ್‌ವೇಗೆ ಸೇರುವಲ್ಲಿ ದಪ್ಪ ಹಳದಿ ಗೆರೆ ಬರಬೇಕು, ನೆಲದಲ್ಲಿ ಕೆಂಪು ದೀಪ ಹುಗಿಯಬೇಕು, ಅಪ್ಪಣೆ ಇಲ್ಲದೆ ಒಬ್ಬರೂ ಗೆರೆ ದಾಟಬಾರದು. ರೇಡಿಯೊದಲ್ಲಿ ಆಯ್ತು ಎಂಬ ಮಾತೇ ಬೇಡ. ಟವರು ಹೇಳಿದ್ದನ್ನು ಹೇಳಿದ ಹಾಗೆಯೇ ತಿರುಗಿ ಹೇಳಬೇಕು. ಕೊನೆಗೆ ಟವರಕ್ಕನ ಕಡೆ ತಿರುಗಿ, “ಅಡ್ಡದಾರಿ ಏನ್ಮಾಡೋಣ? ನೀವೇ ಹೇಳಿ” ಎಂದರು.

ಅವಳು ಮಾವನ ಮುಖ ನೋಡದೆ, “ಮುಚ್ಚಿಬಿಡಿ” ಎಂದಳು.

ಮಾವ ಎದ್ದು ನಿಂತ. “ಹೇಳಿದ್ದನ್ನೇ ಹೇಳೋಕೆ ನಾನೇನು ಗಿಣೀನಾ? ಮುಚ್ಚಿ, ಚೆನ್ನಾಗಿ ಮುಚ್ಚಿ. ಅದು ಮುಚ್ಚಿದ ದಿನ ಮಾವ ವಿಮಾನ ಇಳಿದ ಅಂತ ತಿಳ್ಕೊಳ್ಳಿ” ಎಂದು ಹೊರಟೇ ಹೋದ. ತನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸಾಕಿದವನ ದಾರಿಯನ್ನು ತಾನೇ ಮುಚ್ಚಿಸಿದೆನಲ್ಲ ಎಂದು ಟವರಕ್ಕನಿಗೆ ದುಃಖ ಉಕ್ಕಿತು. ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಕೆಲಸ ಮಾಡಿದಳು.

ಅಡ್ಡದಾರಿ ಅಗೆದರು. ಡಾಂಬರಿನ ಅಡಿಯಿಂದ ಕಪ್ಪು ಮಣ್ಣು ಎದ್ದಿತು, ಅದರ ಮೇಲೆ ಹುಲ್ಲು ಹಾಸಿದರು. ಮಾವ ಬರಲಿಲ್ಲ. ಅವನ ವಿಮಾನ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಹಾರದೆ ಇದ್ದರೆ ಈ ಮನುಷ್ಯ ಕೊರಗಿ ಕೊರಗಿ ಹೋಗಿಬಿಡುತ್ತಾನೆ ಎಂಬ ಹೆದರಿಕೆ ಅವಳನ್ನು ಬಿಡದೆ ಕಾಡಿತು. ತಾಳಲಾರದೆ ಒಂದು ಬೆಳಿಗ್ಗೆ ಅವನ ಮನೆಗೆ ಹೋದಳು.

ಬೀದಿಯ ತಿರುವಿನಲ್ಲೇ ಮಾವನ ಮನೆಯ ಟೀವಿ ಕೇಳಿಸಿತು. ಬಾಗಿಲು ತೆಗೆದ ಅತ್ತೆ, ಒಳಗೆ ಹೋಗಿ ಅದರ ಬಾಯಿ ಮುಚ್ಚಿಸಿ ಬಂದು, “ಪಕ್ಕದ ಮನೆಯವ್ರು ಈಗ ಟೀವೀನೇ ಹಾಕಲ್ಲ ಕಣೆ, ನಮ್ಮನೇದೇ ಕೇಳಿಸ್ಕೊಂಡು ಊಟ ಮಾಡ್ತಾರೆ” ಎಂದಳು. ಕಾಫಿ ಲೋಟ ಕೈಗಿಟ್ಟು ದೂರಲು ಶುರುಮಾಡಿದಳು. “ನಿಮ್ಮ ಮಾವನ ಹತ್ರ ಮಾತಾಡೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರ್ಸೋದೂ ಒಂದೇ. ಸಕ್ಕರೆ ತನ್ನಿ ಅಂದ್ರೆ ಆಯ್ತು. ಬರೋವಾಗ ಕೈಯಲ್ಲಿ ಸೋಪು. ನನ್ನ ತಂಗಿ ಗಂಡ ಬಿದ್ದು ಕಾಲು ಮುರ್ಕೊಂಡ್ರು ಅಂದೆ, ಅದಕ್ಕೂ ಆಯ್ತು ಅಂತ ನಗ್ತಾ ಕೂತಿದ್ರು. ಎಷ್ಟು ದಿನ ಅಂತ ಸಹಿಸ್ಕೊಳ್ಳಿ, ಹೇಳು.”

ಟವರಕ್ಕ ಕಾಫಿಯನ್ನು ಹಾಗೇ ಇಟ್ಟು ಹಿತ್ತಲಿಗೆ ಹೋದಳು. ಮಾವ ಇವಳಿಗೆ ಬೆನ್ನು ಹಾಕಿ ಕೂತು, ಅತ್ತೆಯ ಹೊಲಿಗೆ ಯಂತ್ರ ಬಿಚ್ಚಿಕೊಂಡಿದ್ದ. “ಮಾವ” ಎಂದಳು. ಅವನು ತಿರುಗಲಿಲ್ಲ. ಇನ್ನೂ ಸಿಟ್ಟು ಇರಬೇಕು ಎಂದುಕೊಂಡಳು. “ಮಾವ, ಮನೆಗೆ ಬೆಂಕಿ ಬಿದ್ದಿದೆ” ಎಂದಳು, ಮಾಮೂಲಿ ಧ್ವನಿಯಲ್ಲೇ. ಅವನು ಯಂತ್ರಕ್ಕೆ ಎಣ್ಣೆ ಬಿಟ್ಟ. ಅವಳು ಇನ್ನಷ್ಟು ಹತ್ತಿರ ಹೋದಾಗ ಅವಳ ನೆರಳು ಅವನ ಕೈಮೇಲೆ ಬಿತ್ತು. ಆಗ ತಲೆಯೆತ್ತದೆ, ತೂಕದ ಧ್ವನಿಯಲ್ಲಿ ಹೇಳಿದ: “ಆಯ್ತು. ಕೂತ್ಕೋ.”

ಮಾವ ಗಿಣಿಯಾಗುವುದಿಲ್ಲ ಎಂದು ಹಾರಾಡಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು. ಹೇಳಿದ್ದನ್ನು ತಿರುಗಿ ಹೇಳಬೇಕಾದರೆ ಮೊದಲು ಅದು ಕೇಳಿಸಿರಬೇಕು. ಆಯ್ತು ಅನ್ನುವುದಕ್ಕೆ ಕಿವಿ ಬೇಕಾಗಿಲ್ಲ.

ಎದುರಿಗೆ ಬಂದು ಕೂತು, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. “ಯಾವಾಗಿಂದ, ಮಾವ?”

“ಏನು ಯಾವಾಗಿಂದ?” ಎದುರು ಕೂತು ಆಡಿದ ಮಾತು ಅವನಿಗೆ ಕೇಳಿಸಿತ್ತು. “ಕಿವಿ ಚೆನ್ನಾಗೇ ಇದೆ. ಇತ್ತೀಚೆಗೆ ನಿನ್ನ ಧ್ವನೀನೇ ಸಣ್ಣ ಆಗಿದೆ. ಸರಿಯಾಗಿ ಊಟ ಮಾಡು.”

ಕಿವಿಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ತಾನು ಆಡಿದ್ದು ಅವನಿಗೂ ಹೊಳೆದು, ಯಂತ್ರದ ಕಡೆ ಮುಖ ಮಾಡಿದ. ಅವಳು ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. “ಶನಿವಾರ ಹೊಸ ಗೆರೆಯ ಪರೀಕ್ಷೆ. ಕೆಂಪು ದೀಪಕ್ಕೆ ಇನ್ನೂ ತಂತಿ ಎಳೆದಿಲ್ಲ, ಬರೀ ಗೆರೆ, ಬರೀ ರೇಡಿಯೊ. ಬೇರೆ ಒಂದು ವಿಮಾನಾನೂ ಇರಲ್ಲ. ನೀವು ಬನ್ನಿ. ನಾನು ಹೇಳಿದ್ದನ್ನ ತಿರುಗಿ ಹೇಳಿದ್ರೆ ನಿಮ್ಮ ಹಾರಾಟ ನಿಮ್ದು, ಯಾರೂ ಕೇಳೋ ಹಾಗಿಲ್ಲ. ಬರೀ ಆಯ್ತು ಅಂದ್ರೆ, ನಿಮ್ಮನ್ನ ನಾನೇ ನಿಲ್ಲಿಸ್ತೀನಿ, ಮಾವ. ಇನ್ಯಾರೂ ಅಲ್ಲ, ನಾನೇ.”

ಅವನು ಬಹಳ ಹೊತ್ತು ಎಣ್ಣೆಯ ಬೆರಳು ಒರೆಸಿಕೊಂಡ. “ಶನಿವಾರ ತಾನೇ? ಬರ್ತೀನಿ” ಎಂದ.

ಶನಿವಾರ ಬೆಳಿಗ್ಗೆ ಎಲ್ಲರೂ ನೆರೆದಿದ್ದರು; ರೇಡಿಯೊ ಕೆಳಗೂ ಕೇಳಲೆಂದು ಟವರಿಗೆ ಸ್ಪೀಕರ್ ಕಟ್ಟಿದ್ದರು. ಗೆರೆ ಸಾಹೇಬರು ಬಿಳಿ ಟೋಪಿ ಹಾಕಿಕೊಂಡು ಬಂದಿದ್ದರು. ಮೆಕ್ಯಾನಿಕ್ ಮಾವನ ವಿಮಾನವನ್ನು ತೊಳೆದು ಫಳಫಳ ಮಾಡಿದ್ದ. ಅತ್ತೆ ಗುಬ್ಬಿಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತು, “ನಾನು ಹಾಕಿದ ಗೆರೆ ದಾಟದ ದಿನಾನೇ ಇಲ್ಲ ಈ ಮನುಷ್ಯ. ಸಾಹೇಬ್ರ ಗೆರೆ ಏನ್ಮಾಡ್ತಾರೋ ನೋಡೋಣ” ಅನ್ನುತ್ತಿದ್ದಳು. ಹೆಡ್‌ಫೋನ್ ಸಿಕ್ಕಿಸಿಕೊಂಡು ಮಾವ ಹತ್ತಿದ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ವಿಮಾನ ಬೇಲಿಯ ಪಕ್ಕದ ಉದ್ದ ದಾರಿಯಲ್ಲಿ, ಹೊಸ ಮದುಮಗನ ಠೀವಿಯಲ್ಲಿ, ಮೆಲ್ಲಗೆ ಹೊರಟಿತು.

ಪೆಟ್ರೋಲ್ ಶೆಡ್ಡು ಎದ್ದಿದ್ದರಿಂದ ಟವರಿನಿಂದ ಈಗ ಎಲ್ಲವೂ ಕಾಣುತ್ತಿತ್ತು. ವಿಮಾನ ಗೆರೆಗೆ ಹತ್ತಿರವಾದಾಗ ಅವಳು ಗುಂಡಿ ಒತ್ತಿದಳು. “ಮಾವ, ಹಳದಿ ಗೆರೆ ಹಿಂದೆ ನಿಲ್ಲಿ.”

“ಹಳದಿ ಗೆರೆ ಹಿಂದೆ ನಿಲ್ತೀನಿ” ಎಂದಿತು ರೇಡಿಯೊ.

ಕೆಳಗೆ ಚಪ್ಪಾಳೆ ಬಿತ್ತು. ಮೆಕ್ಯಾನಿಕ್ ಶಿಳ್ಳೆ ಹೊಡೆದ. ಟವರಕ್ಕನಿಗೆ ಮಾತ್ರ ಖುಷಿಯಾಗಲಿಲ್ಲ. ಗೆರೆಯ ಹತ್ತಿರ ಬಂದವನಿಗೆ ನಿಲ್ಲಿ ಅನ್ನದೆ ಇನ್ನೇನು ಅನ್ನುತ್ತಾರೆ? ಕೇಳಿಸದಿದ್ದರೂ ಹೇಳಬಹುದಾದ ಮಾತು ಅದು. ಇದರ ಮುಂದಿನ ಮಾತೂ ಹಾಗೆಯೇ. ನಿಂತವನಿಗೆ ಮುಂದೆ ಬರುವುದು ‘ದಾಟಬಹುದು’ ಎಂಬ ಮಾತು, ಅದು ಮಾವನಿಗೂ ಗೊತ್ತು. ಅವಳು ಅದನ್ನು ಹೇಳಿಬಿಟ್ಟರೆ ಮಾವ ದಾಟುತ್ತೇನೆ ಅನ್ನುತ್ತಾನೆ, ದಾಟುತ್ತಾನೆ, ಹಾರುತ್ತಾನೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಾಳೆ. ಸಾಹೇಬರು ಕೈಕುಲುಕಿ ಹೊರಡುತ್ತಾರೆ. ಮಾವ ಮಾವನಾಗಿಯೇ ಉಳಿಯುತ್ತಾನೆ. ಒಂದೇ ಒಂದು ಮಾತು, ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ಕಿಟಕಿಯಿಂದ ಕೆಳಗೆ ನೋಡಿದಳು. ಗುಬ್ಬಿ ಕೈಕಟ್ಟಿಕೊಂಡು ನಿಂತಿದ್ದಳು. ಆ ಸಂಜೆಯ ನಂತರ ಅವಳು ರನ್‌ವೇಯನ್ನು ನೋಡುವ ರೀತಿಯೇ ಬೇರೆಯಾಗಿತ್ತು.

ಟವರಕ್ಕ ಗುಂಡಿ ಒತ್ತಿದಳು. ಮಾತು ಸ್ಪಷ್ಟವಾಗಿಯೇ ಬಂತು. “ಮಾವ, ಗೆರೆ ದಾಟಬೇಡಿ. ಅಲ್ಲೇ ಇರಿ.”

ಗೆರೆಯ ಹಿಂದೆ ವಿಮಾನ ಗುಡುಗುಡು ಎನ್ನುತ್ತಾ ನಿಂತಿತ್ತು, ಮುಂದಿನ ಚಕ್ರ ಒಂದಿಷ್ಟು ಅಲುಗಿತು. ಆಯ್ತು ಅನ್ನಬೇಡಿ ಮಾವ, ಆಯ್ತು ಮಾತ್ರ ಅನ್ನಬೇಡಿ ಎಂದು ಅವಳು ತುಟಿ ಕಚ್ಚಿಕೊಂಡು ಬೇಡಿಕೊಂಡಳು. ಚಕ್ರ ನಿಂತಿತು. ಆಮೇಲೆ ಎಲ್ಲರ ಕಿವಿಗೂ ಬೀಳುವಂತೆ ರೇಡಿಯೊ ಹೇಳಿತು:

“ಕೇಳಿಸ್ಲಿಲ್ಲ ಪುಟ್ಟೀ. ಇನ್ನೊಂದ್ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು. ಆಮೇಲೆ ಮತ್ತೊಂದು ಸಲ, ಇನ್ನೂ ಗಟ್ಟಿಯಾಗಿ.

“ಇಲ್ಲ ಕಣೆ” ಎಂದಿತು ಮಾವನ ಧ್ವನಿ. “ಏನೋ ಹೇಳ್ತಿದೀಯ ಅಂತ ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ. ಮೊದಲನೇದೂ ಕೇಳಿಸಿರ್ಲಿಲ್ಲ, ಅಂದಾಜಿಗೆ ಹೇಳ್ದೆ. ಅವತ್ತು ಸಂಜೇನೂ ಅಷ್ಟೇ. ಗೆರೆ ಹಿಂದೇನೇ ಇದೀನಿ. ಎಂಜಿನ್ ನಿಲ್ಲಿಸ್ತಿದೀನಿ.”

ವಿಮಾನದ ಮೂತಿಯ ಪಂಖ ತಿರುಗಿ ತಿರುಗಿ ನಿಂತಿತು. ಟವರಕ್ಕ ಮೆಟ್ಟಿಲು ಇಳಿದು, ಬಿಸಿಲಲ್ಲಿ ಬಳಸುದಾರಿಯ ಉದ್ದಕ್ಕೂ ನಡೆದಳು. ಅವಳ ಹಿಂದೆ ಬರಲು ಹೊರಟ ಅತ್ತೆಯನ್ನು ಗುಬ್ಬಿ ಮೆತ್ತಗೆ ತೋಳು ಹಿಡಿದು ನಿಲ್ಲಿಸಿಕೊಂಡಳು.

ಮಾವ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಾಗಿಲು ತೆರೆದಿತ್ತು. ಅವಳು ರೆಕ್ಕೆಯ ಆಸರೆ ಹಿಡಿದು, ಅವನ ಕಿವಿಯ ಹತ್ತಿರ ಬಾಗಿ, “ಮಾವ” ಎಂದಳು.

“ಈಗ ಹೇಳು” ಎಂದ ಮಾವ. “ಕೊನೇಲಿ ಏನಂದೆ?”

“ದಾಟಬೇಡಿ ಅಂದೆ.”

ಅವನು ಎದುರಿನ ರನ್‌ವೇಯನ್ನು ನೋಡಿದ. ಅದು ತುದಿಯವರೆಗೂ ಖಾಲಿಯಾಗಿ ಬಿಸಿಲಲ್ಲಿ ಬಿದ್ದಿತ್ತು.

“ನೀನು ದಾಟು ಅಂದೆ ಅಂದ್ಕೊಂಡಿದ್ದೆ” ಎಂದ. ಇಳಿಯಲು ಕೈ ಚಾಚಿದ. ಅವಳು ಆ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.